ಶಾರ್ಕಿನ ರೆಕ್ಕೆಯ ವ್ಯಾಪಾರ

ನಮ್ಮ ದೇಶದ ಕಡಲ ವ್ಯಾಪಾರದ ಚರಿತ್ರೆಯನ್ನು ಬರೆದವರು ಮೆಣಸು, ಏಲಕ್ಕಿ, ಶ್ರೀಗಂಧ, ಅಕ್ಕಿ, ಮುತ್ತು, ಅರೇಬಿಯದ ಕುದುರೆ ಮುಂತಾದುವುಗಳ ವಿಷಯವನ್ನು ವಿಸ್ತಾರವಾಗಿ ಹೇಳಿರುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಪರಿಮಳವುಂಟು, ಕೆಲವಕ್ಕೆ ಹೊಳಪುಂಟು. ಪ್ರವಾಸಿಗಳ ಬರೆಹಗಳಲ್ಲಿಯೂ ರಾಜರ ಶಾಸನಗಳಲ್ಲಿಯೂ ಇವುಗಳಿಗೆ ಸ್ಥಾನ ದೊರೆತಿದೆ. ಆದರೆ ಪರಿಮಳವಾಗಲಿ ಹೊಳಪಾಗಲಿ ಇಲ್ಲದ, ನೋಡುವುದಕ್ಕೆ ಒಣಗಿದ ತೊಗಲಿನಂತಿರುವ ಮತ್ತೊಂದು ಸರಕು ಪಶ್ಚಿಮ ಸಮುದ್ರದ ರೇವುಗಳಿಂದ ಚೀನಾ ದೇಶಕ್ಕೆ ಬಹುಕಾಲ ಸಾಗುತ್ತಿದ್ದಿತು. ಶಾರ್ಕು ಮೀನಿನ ರೆಕ್ಕೆಯೇ ಆ ಸರಕು. ಅದನ್ನು ಹಿಡಿದವರು ಅದನ್ನು ತಿನ್ನಲಿಲ್ಲ. ತಿಂದವರು ಅದನ್ನು ಹಿಡಿದ ಕಡಲನ್ನು ಕಾಣಲಿಲ್ಲ. ನಡುವೆ ನಿಂತ ವರ್ತಕರು ಇಬ್ಬರಿಗೂ ಬೆಲೆಯನ್ನು ಹೇಳಿದರು. ಈ ವ್ಯಾಪಾರವು ಹೇಗೆ ಬೆಳೆಯಿತು, ಅದರಿಂದ ಸಮುದ್ರಕ್ಕೆ ಏನಾಯಿತು, ಅದನ್ನು ತಡೆಯಲು ನಮ್ಮ ಕಾಲದಲ್ಲಿ ಮಾಡಿದ ಕಾಯಿದೆಗಳಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಶ್ರೋತೃಗಳ ಮುಂದೆ ಸಂಗ್ರಹವಾಗಿ ಇಡಬೇಕೆಂದು ನಾವು ಉದ್ದೇಶಿಸಿದ್ದೇವೆ.

ಮೊದಲು ಆ ಪ್ರಾಣಿಯ ವಿಷಯವಾಗಿ ಎರಡು ಮಾತು. ನಮ್ಮ ಕರಾವಳಿಯಲ್ಲಿ ತುಳುವರು ಇದನ್ನು ತಾಟೆ ಎಂದೂ ಕೊಂಕಣಿಗರು ಮೋರಿ ಎಂದೂ ಕರೆಯುತ್ತಾರೆ. ಜಗತ್ತಿನಲ್ಲಿ ಶಾರ್ಕುಗಳ ಜಾತಿಗಳು ಐನೂರಕ್ಕೂ ಮಿಗಿಲಾಗಿವೆ. ಅಂಗೈ ಉದ್ದದ ಪುಟ್ಟ ಜಾತಿಯೂ ಉಂಟು. ಅರುವತ್ತು ಅಡಿಯವರೆಗೆ ಬೆಳೆಯಬಲ್ಲ ತಿಮಿಂಗಿಲ ಶಾರ್ಕೂ ಉಂಟು. ಮನುಷ್ಯರನ್ನು ಕಂಡರೆ ಕಚ್ಚುವ ರಾಕ್ಷಸನೆಂದು ಈ ಕುಲಕ್ಕೆ ಅಪಕೀರ್ತಿ ಬಂದಿದೆಯಾದರೂ ಅಂಥ ಅಪಾಯಕ್ಕೆ ಕಾರಣವಾಗುವ ಜಾತಿಗಳು ಬೆರಳೆಣಿಕೆಯವು. ಅತಿ ದೊಡ್ಡದಾದ ತಿಮಿಂಗಿಲ ಶಾರ್ಕು ಬಾಯಿ ತೆರೆದು ನೀರನ್ನು ಸೋಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನೂ ಚಿಕ್ಕ ಮೀನುಗಳನ್ನೂ ತಿಂದು ಬದುಕುವ ಸಾಧು ಪ್ರಾಣಿಯಾಗಿದೆ.

ಶಾರ್ಕಿನ ದೇಹದಲ್ಲಿ ಗಟ್ಟಿಯಾದ ಎಲುಬಿಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿಯೇ ಅದರ ಅಸ್ಥಿಪಂಜರ. ಈ ಕುಲವು ಸುಮಾರು ನಾಲ್ವತ್ತು ಕೋಟಿ ವರ್ಷಗಳಿಂದ ಸಮುದ್ರದಲ್ಲಿ ಬಾಳಿಕೊಂಡು ಬಂದಿದೆ. ಆದರೆ ನಮ್ಮ ಪ್ರಸ್ತಾಪಕ್ಕೆ ಮುಖ್ಯವಾದುದು ಇದರ ಸಂತಾನದ ಕ್ರಮ. ಬೂತಾಯಿ, ಬಂಗುಡೆ ಮುಂತಾದ ಮೀನುಗಳು ಒಂದು ಸಲಕ್ಕೆ ಸಹಸ್ರಾರು ಮೊಟ್ಟೆಗಳನ್ನಿಟ್ಟು, ಹುಟ್ಟಿದ ವರ್ಷವೇ ಅಥವಾ ಮರುವರ್ಷವೇ ಪ್ರಾಯಕ್ಕೆ ಬರುತ್ತವೆ. ಶಾರ್ಕುಗಳಲ್ಲಿ ಅನೇಕ ಜಾತಿಗಳು ಪ್ರಾಯಕ್ಕೆ ಬರಲು ಹತ್ತು ಹದಿನೈದು ವರ್ಷಗಳನ್ನು ತೆಗೆದುಕೊಳ್ಳುತ್ತವೆ. ಬಹುಪಾಲು ಜಾತಿಗಳು ಪ್ರಾಣಿಗಳಂತೆ ಮರಿ ಹಾಕುತ್ತವೆ. ಕೆಲವು ಎರಡೇ ಮರಿ ಹಾಕಿದರೆ ಕೆಲವು ಹತ್ತಿಪ್ಪತ್ತು ಹಾಕುತ್ತವೆ. ಮುಳ್ಳುಶಾರ್ಕು ಎಂಬ ಒಂದು ಜಾತಿಯ ಗರ್ಭಕಾಲವು ಹೆಚ್ಚು ಕಡಮೆ ಎರಡು ವರ್ಷ. ಹೀಗಿರುವುದರಿಂದ ಬೂತಾಯಿಯ ಹಿಡಿತದಲ್ಲಿ ಒಂದು ವರ್ಷ ಅತಿಯಾದರೆ ಕೆಲವು ವರ್ಷಗಳಲ್ಲಿ ಸಮುದ್ರವು ಅದನ್ನು ತುಂಬಿಕೊಡಬಹುದು. ಶಾರ್ಕಿನ ವಿಷಯದಲ್ಲಿ ಮನುಷ್ಯನು ಬಡ್ಡಿಯನ್ನು ಮೀರಿ ಅಸಲಿಗೆ ಕೈಹಾಕಿದರೆ ಆ ಸಾಲವು ತಲೆಮಾರುಗಳವರೆಗೆ ತೀರುವುದಿಲ್ಲ. ಮುಂದೆ ಹೇಳಲಿರುವ ಚರಿತ್ರೆಗೆಲ್ಲ ಈ ಒಂದು ಸಂಗತಿಯೇ ಕೀಲಿಕೈ.

ಇನ್ನು ರೆಕ್ಕೆಯ ವಿಷಯ. ಬೆನ್ನ ಮೇಲಣ ರೆಕ್ಕೆ, ಎದೆಯ ಎರಡು ಪಕ್ಕದ ರೆಕ್ಕೆಗಳು, ಬಾಲದ ಕೆಳಭಾಗ ಇವುಗಳೊಳಗೆ ಸಣ್ಣ ಶಾವಿಗೆಯಂಥ ಎಳೆಗಳಿರುತ್ತವೆ. ರೆಕ್ಕೆಯನ್ನು ಒಣಗಿಸಿ, ಬಹುಕಾಲ ನೆನೆಯಿಟ್ಟು, ಬೇಯಿಸಿ, ಹೊರಗಿನ ಒರಟು ತೊಗಲನ್ನು ತೆಗೆದರೆ ಈ ಎಳೆಗಳು ದೊರೆಯುತ್ತವೆ. ಚೀನಾ ದೇಶದವರು ಇವುಗಳಿಂದ ಒಂದು ಬಗೆಯ ಸಾರನ್ನು ಮಾಡುತ್ತಾರೆ. ವಿಚಿತ್ರವೇನೆಂದರೆ ಈ ಎಳೆಗಳಿಗೆ ತಮ್ಮದೆಂದು ಹೇಳುವಂಥ ರುಚಿಯೇ ಇಲ್ಲ. ಸಾರಿನ ರುಚಿಯೆಲ್ಲ ಅದರಲ್ಲಿ ಕುದಿಸಿದ ಕೋಳಿಯಿಂದಲೂ ಇತರ ಮಾಂಸದಿಂದಲೂ ಬರತಕ್ಕದ್ದು. ಎಳೆಯು ಬಾಯಿಗೆ ನುಣುಪನ್ನೂ ಮನೆತನಕ್ಕೆ ಮರ್ಯಾದೆಯನ್ನೂ ಕೊಡುತ್ತದೆ. ಮಿಂಗ್ ಅರಸರ ಕಾಲದಲ್ಲಿ, ೧೬ನೆಯ ಶತಮಾನದಲ್ಲಿ ಬಾಳಿದ ಲಿ ಷಿಜನ್ ಎಂಬ ವೈದ್ಯನು ತನ್ನ ಮಹಾಗ್ರಂಥದಲ್ಲಿ ದಕ್ಷಿಣ ಸೀಮೆಯ ಜನರು ಶಾರ್ಕಿನ ರೆಕ್ಕೆಯನ್ನು ಬೆಲೆಯುಳ್ಳ ಆಹಾರವಾಗಿ ಎಣಿಸುವರೆಂದು ತಿಳಿಸಿರುತ್ತಾನೆ. ಮುಂದೆ ಚಿಂಗ್ ವಂಶದವರ ಆಳಿಕೆಯಲ್ಲಿ ಅದು ದೊಡ್ಡ ಔತಣಗಳ ಅಂಗವಾಯಿತು. ಮದುವೆಯ ಊಟದಲ್ಲಿ ಈ ಸಾರಿಲ್ಲದಿದ್ದರೆ ಬೀಗರ ಎದುರಿನಲ್ಲಿ ತಲೆ ತಗ್ಗಿಸಬೇಕಾಯಿತೆಂಬ ಭಾವನೆ ಬೇರೂರಿತು. ಇದನ್ನು ಕೇಳಿ ನಗುವುದು ನಮಗೆ ಉಚಿತವಲ್ಲ. ಅತಿಥಿಯ ಹಸಿವಿಗಿಂತ ಆತಿಥೇಯನ ಘನತೆಗಾಗಿ ಬಡಿಸುವ ಪದಾರ್ಥವು ಯಾವ ದೇಶದ ಪಂಕ್ತಿಯಲ್ಲಿ ಇಲ್ಲ?

ಚೀನಾ ದೇಶದ ಬಳಿಯ ಸಮುದ್ರವು ಈ ಬೇಡಿಕೆಗೆ ಸಾಲಲಿಲ್ಲ. ರೆಕ್ಕೆಯು ಒಣಗಿದ ಮೇಲೆ ಹಗುರ, ಕೆಡುವುದಿಲ್ಲ, ತಿಂಗಳುಗಟ್ಟಲೆ ಹಡಗಿನಲ್ಲಿ ಬಂದರೂ ಬೆಲೆ ಕುಂದುವುದಿಲ್ಲ. ಆದುದರಿಂದ ವರ್ತಕರು ಇದನ್ನು ದ್ವೀಪಾಂತರಗಳಿಂದಲೂ ಹಿಂದೂ ಮಹಾಸಾಗರದ ತೀರಗಳಿಂದಲೂ ತರಿಸತೊಡಗಿದರು. ೧೮ನೆಯ ಶತಮಾನದ ಕೊನೆಯಿಂದ ಮುಂಬಯಿಯ ಹಡಗುಗಳು ಹತ್ತಿಯನ್ನೂ ಅಫೀಮನ್ನೂ ತುಂಬಿಕೊಂಡು ಕ್ಯಾಂಟನ್ ಪಟ್ಟಣಕ್ಕೆ ಹೋಗುತ್ತಿದ್ದುವಷ್ಟೆ. ಶಾರ್ಕಿನ ರೆಕ್ಕೆಯೂ ಅದೇ ಸಮುದ್ರಮಾರ್ಗವನ್ನು ಹಿಡಿಯಿತು. ೧೮೪೨ರಲ್ಲಿ ಹಾಂಗ್‌ಕಾಂಗ್ ದ್ವೀಪವು ಇಂಗ್ಲಿಷರ ವಶವಾದ ಮೇಲೆ ಕ್ರಮಕ್ರಮವಾಗಿ ಆ ಊರೇ ಲೋಕದ ರೆಕ್ಕೆ ವ್ಯಾಪಾರಕ್ಕೆಲ್ಲ ದೊಡ್ಡ ಪೇಟೆಯಾಯಿತು.

ಈ ವ್ಯಾಪಾರವು ನಮ್ಮ ಸಮುದ್ರದಲ್ಲಿ ಹೇಗೆ ನಡೆಯುತ್ತಿದ್ದಿತೆಂಬುದಕ್ಕೆ ಒಂದು ಅಪೂರ್ವವಾದ ಸಾಕ್ಷ್ಯವಿದೆ. ಮುಂಬಯಿಯಲ್ಲಿ ವೃತ್ತಪತ್ರಿಕೆಯ ಸಂಪಾದಕನಾಗಿದ್ದ ಡಾಕ್ಟರ್ ಜಾರ್ಜ್ ಬ್ಯೂಯಿಸ್ಟ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು ೧೮೫೦ನೆಯ ಇಸವಿಯಲ್ಲಿ ಕರಾಚಿಯ ಶಾರ್ಕು ಬೇಟೆಯ ವರದಿಯನ್ನು ಬರೆದು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದಿಟ್ಟನು. ಕರಾಚಿಯು ಈಗ ಪಾಕಿಸ್ತಾನಕ್ಕೆ ಸೇರಿದೆ. ಆಗ ಸಿಂಧ್ ಪ್ರಾಂತವು ಇಂಗ್ಲಿಷರ ಕೈಸೇರಿ ಏಳು ವರ್ಷಗಳಾಗಿದ್ದುವು. ಅಲ್ಲಿ ಹದಿಮೂರು ದೊಡ್ಡ ದೋಣಿಗಳು, ಒಂದೊಂದರಲ್ಲಿ ಹನ್ನೆರಡು ಜನರಂತೆ, ಸದಾ ಈ ಕೆಲಸದಲ್ಲಿ ತೊಡಗಿದ್ದುವೆಂದು ಅವನು ಹೇಳುತ್ತಾನೆ. ಬಲೆಗಳು ಗಟ್ಟಿ ಹುರಿಯವು. ಕಣ್ಣುಗಳು ಸುಮಾರು ಆರಂಗುಲ. ಅಗಲ ಆರಡಿಯಾದರೆ ಉದ್ದವು ಆರುನೂರರಿಂದ ಎಂಟುನೂರು ಮಾರುಗಳವರೆಗೆ, ಎಂದರೆ ಸುಮಾರು ಮುಕ್ಕಾಲು ಮೈಲಿ. ಒಂದು ಅಂಚಿಗೆ ಮರದ ತೇಲುಗಳು, ಇನ್ನೊಂದು ಅಂಚಿಗೆ ಕಲ್ಲುಗಳು. ದಡದಿಂದ ಬಹುದೂರ ಆಳವಾದ ನೀರಿನಲ್ಲಿ ಒಂದು ದಿನ ಇಳಿಬಿಟ್ಟು ಮರುದಿನ ಎತ್ತುವರು. ಸಣ್ಣ ಶಾರ್ಕುಗಳು ಸತ್ತೇ ಸಿಕ್ಕುವುವು, ದೊಡ್ಡವು ಸೋತು ಸುಣ್ಣವಾಗಿರುವುವು. ಒಂದು ದೋಣಿಗೆ ಒಮ್ಮೊಮ್ಮೆ ನೂರು ಶಾರ್ಕುಗಳು ಸಿಕ್ಕುವುದೂ ಉಂಟು. ಮೋರ್ ಎಂದು ಆ ಜನರು ಕರೆಯುತ್ತಿದ್ದ ಮಹಾಕಾಯದ ಶಾರ್ಕು ಮಾತ್ರ ಬಲೆಗೆ ಬೀಳುವಂಥದಲ್ಲ. ಅದು ನೀರಿನ ಮೇಲೆ ಮಲಗಿದಂತೆ ತೇಲುತ್ತಿರುವಾಗ ಈಟಿಯಿಂದ ಹೊಡೆಯುತ್ತಿದ್ದರು.

ಮೀನು ದಡಕ್ಕೆ ಬಂದೊಡನೆ ಬೆಸ್ತನ ಪಾತ್ರ ಮುಗಿಯಿತು. ಬನಿಯ ವರ್ತಕನು ಅದನ್ನು ಕೊಂಡು, ರೆಕ್ಕೆಗಳನ್ನು ಕೊಯ್ಯಿಸಿ ಮರಳಿನ ಮೇಲೆ ಬಿಸಿಲಿಗೆ ಹರವಿಸುತ್ತಿದ್ದನು. ಮಾಂಸವನ್ನು ಉದ್ದುದ್ದವಾಗಿ ಸೀಳಿ ಉಪ್ಪು ಹಾಕುತ್ತಿದ್ದರು. ಯಕೃತ್ತನ್ನು ಕುದಿಸಿ ಎಣ್ಣೆ ತೆಗೆಯುತ್ತಿದ್ದರು. ತಲೆ, ಬೆನ್ನುಹುರಿ, ಕರುಳು ಇವು ದಡದಲ್ಲಿ ಕೊಳೆಯುತ್ತಿದ್ದುವು, ಇಲ್ಲವೆ ಸಮುದ್ರಕ್ಕೆ ಹಿಂತಿರುಗುತ್ತಿದ್ದುವು. ಒಣಗಿದ ರೆಕ್ಕೆಗಳು ಮುಂಬಯಿಯ ಮಧ್ಯಸ್ಥರ ಬಳಿಗೆ ಹೋಗಿ ಅಲ್ಲಿಂದ ಚೀನಾ ಹಡಗನ್ನು ಹತ್ತುತ್ತಿದ್ದುವು. ಪೇಟೆಯಲ್ಲಿ ಅವುಗಳಿಗೆ ಎರಡು ತರ: ಬೆನ್ನಿನವು ಬಿಳಿಯವೆಂದೂ, ಎದೆ ಹೊಟ್ಟೆಗಳವು ಕರಿಯವೆಂದೂ ವಿಂಗಡಿಸುವರು, ಬಿಳಿಯದಕ್ಕೆ ಬೆಲೆ ಹೆಚ್ಚು.

ಬ್ಯೂಯಿಸ್ಟನ ಲೆಕ್ಕದಂತೆ ಕರಾಚಿಯಲ್ಲಿ ವರ್ಷಕ್ಕೆ ಸುಮಾರು ೪೦,೦೦೦ ಶಾರ್ಕುಗಳು ಹಿಡಿಯಲ್ಪಡುತ್ತಿದ್ದುವು. ಮಾರಾಟವಾಗುವ ರೆಕ್ಕೆಯ ಬೆಲೆ ವರ್ಷಕ್ಕೆ ೧೫,೦೦೦ದಿಂದ ೧೮,೦೦೦ ರೂಪಾಯಿಗಳು. ವರ್ತಕನ ಲಾಭವನ್ನು ಕಳೆದು ಒಂದು ದೋಣಿಯ ಪಾಲಿಗೆ ಬರುತ್ತಿದ್ದುದು ೧,೦೦೦ದಿಂದ ೧,೨೦೦ ರೂಪಾಯಿಗಳು. ಈ ಅಂಕಿಗಳನ್ನು ನಾವು ಸ್ವಲ್ಪ ಭಾಗಿಸಿ ನೋಡೋಣ. ಒಂದು ಶಾರ್ಕಿನ ರೆಕ್ಕೆಗಳೆಲ್ಲ ಸೇರಿ ಸರಾಸರಿಗೆ ಆರೇಳು ಆಣೆ. ಮುಕ್ಕಾಲು ಮೈಲಿಯ ಬಲೆಯನ್ನು ನಡುಗಡಲಿನಲ್ಲಿ ಎಳೆಯುವ ಒಬ್ಬ ಆಳಿಗೆ ರೆಕ್ಕೆಯಿಂದ ವರ್ಷಕ್ಕೆ ಹೆಚ್ಚೆಂದರೆ ನೂರು ರೂಪಾಯಿ. ಅದರಲ್ಲಿಯೇ ದೋಣಿಯ ಮತ್ತು ಬಲೆಯ ಖರ್ಚು ಕಳೆಯಬೇಕು. ಕ್ಯಾಂಟನ್ನಿನ ಧನಿಕನ ಮನೆಯಲ್ಲಿ ಅದೇ ರೆಕ್ಕೆಯು ಬೆಳ್ಳಿಯ ತೂಕಕ್ಕೆ ಮರ್ಯಾದೆ ಪಡೆಯುತ್ತಿರುವಾಗ ಅದನ್ನು ತಂದವನ ಗುಡಿಸಲಿಗೆ ಸೇರಿದುದು ಇಷ್ಟು. ಬೆಲೆಯನ್ನು ಕಟ್ಟುವವನು ದೂರದಲ್ಲಿರುವನು, ಶ್ರಮಪಡುವವನು ದಡದಲ್ಲಿರುವನು ಎಂಬ ಈ ವಿನ್ಯಾಸವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಶಾರ್ಕನ್ನು ಉಳಿಸಲು ಹೊರಟಾಗಲೂ ಇದೇ ಪ್ರಶ್ನೆಯು ಮತ್ತೆ ತಲೆದೋರಿತು.

ನಮ್ಮ ದಕ್ಷಿಣದ ತೀರಗಳ ಸ್ಥಿತಿಯು ಇದಕ್ಕಿಂತ ಒಂದು ವಿಷಯದಲ್ಲಿ ಭಿನ್ನವಾದುದು. ಕೊಂಕಣ, ಕನ್ನಡ, ಮಲಬಾರ್, ತಮಿಳು ಕರಾವಳಿಗಳಲ್ಲಿ ಶಾರ್ಕು ಮೊದಲಿನಿಂದಲೂ ಜನರ ಆಹಾರವಾಗಿದೆ. ಎಳೆಯ ಶಾರ್ಕಿನ ಪದಾರ್ಥವು ಬಾಣಂತಿಯರಿಗೆ ಹಾಲು ಹೆಚ್ಚಿಸುವುದೆಂಬ ನಂಬಿಕೆಯು ಈ ತೀರಗಳಲ್ಲಿ ವ್ಯಾಪಕವಾಗಿದೆ. ಉಪ್ಪು ಹಾಕಿ ಒಣಗಿಸಿದ ಶಾರ್ಕು ಮಳೆಗಾಲದಲ್ಲಿ ಬಡವರ ಮನೆಯ ಮೀನು. ಯಕೃತ್ತಿನ ಎಣ್ಣೆಯನ್ನು ದೋಣಿಯ ಹಲಗೆಗಳಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. ರೆಕ್ಕೆಯು ಇವೆಲ್ಲದರ ಮೇಲೆ ಬಂದ ಅಧಿಕ ಆದಾಯ. ಆದುದರಿಂದ ರೆಕ್ಕೆಯನ್ನು ಮಾತ್ರ ಕೊಯ್ದುಕೊಂಡು ಇನ್ನೂ ಉಸಿರಾಡುತ್ತಿರುವ ಮೀನನ್ನು ಕಡಲಿಗೆ ನೂಕುವ ಕ್ರೂರ ಪದ್ಧತಿ, ದೂರದ ಮಹಾಸಾಗರಗಳಲ್ಲಿ ಹಡಗಿನ ಜಾಗವನ್ನು ಬೆಲೆಯುಳ್ಳ ಟ್ಯೂನ ಮೀನಿಗೆ ಉಳಿಸಿಕೊಳ್ಳುವವರು ನಡೆಸಿದ ಪದ್ಧತಿ, ನಮ್ಮ ದಡದ ಬೆಸ್ತರಲ್ಲಿ ಸಾಮಾನ್ಯವಾಗಿರಲಿಲ್ಲ. ತಂದ ಮೀನನ್ನು ಇಡಿಯಾಗಿ ಉಪಯೋಗಿಸುವುದೇ ಇಲ್ಲಿಯ ವಾಡಿಕೆ. ಈ ವ್ಯತ್ಯಾಸವನ್ನು ಮರೆತು ಮಾಡಿದ ಕಾಯಿದೆಗಳು ಎಡವುವುದು ಸಹಜ.

ಇಪ್ಪತ್ತನೆಯ ಶತಮಾನದಲ್ಲಿ ರೆಕ್ಕೆಯ ಜೊತೆಗೆ ಯಕೃತ್ತಿಗೂ ಒಮ್ಮಿಂದೊಮ್ಮೆಗೆ ಬೆಲೆ ಬಂದಿತು. ಶಾರ್ಕಿನ ಯಕೃತ್ತಿನ ಎಣ್ಣೆಯಲ್ಲಿ ಎ ವಿಟಮಿನ್ ಹೇರಳವಾಗಿರುವುದೆಂದು ತಿಳಿದುಬಂದದ್ದೇ ಇದಕ್ಕೆ ಕಾರಣ. ಅಮೆರಿಕದ ಕ್ಯಾಲಿಫೋರ್ನಿಯ ತೀರದಲ್ಲಿ ಒಂದು ಜಾತಿಯ ಶಾರ್ಕುಂಟು. ಚೀನಿಯರ ಸಾರಿಗೆ ಅದರ ರೆಕ್ಕೆ ಒದಗುತ್ತಿದ್ದುದರಿಂದ ಅದಕ್ಕೆ ಅಲ್ಲಿಯವರು ಸೂಪ್‌ಫಿನ್ ಎಂದೇ ಹೆಸರಿಟ್ಟಿದ್ದರು. ೧೯೩೭ರಿಂದ ಆಚೆಗೆ ಅದರ ಯಕೃತ್ತಿಗಾಗಿ ದೋಣಿಗಳು ನುಗ್ಗಿದುವು. ೧೯೪೦ರಲ್ಲಿ ಜರ್ಮನರು ನಾರ್ವೆಯನ್ನು ಆಕ್ರಮಿಸಿದ ಮೇಲೆ ಕಾಡ್ ಮೀನಿನ ಎಣ್ಣೆ ಬರುವುದು ನಿಂತು ಬೇಡಿಕೆ ಇನ್ನೂ ಏರಿತು. ಆದರೆ ೧೯೩೯ರಲ್ಲಿ ಶಿಖರವನ್ನು ಮುಟ್ಟಿದ ಆ ಹಿಡಿತವು ೧೯೪೪ರ ಹೊತ್ತಿಗೆ ಹತ್ತರಲ್ಲಿ ಒಂದು ಪಾಲಿಗೂ ಕಡಮೆಯಾಗಿ ಕುಸಿಯಿತು. ಅಸಲನ್ನು ತಿಂದುದರ ಫಲವು ಐದೇ ವರ್ಷಗಳಲ್ಲಿ ಕಾಣಿಸಿಕೊಂಡಿತು.

ಅದೇ ಯುದ್ಧಕಾಲದಲ್ಲಿ ನಮ್ಮಲ್ಲಿಯೂ ಮದರಾಸು ಸರ್ಕಾರದವರು ಕಲ್ಲಿಕೋಟೆಯಲ್ಲಿ ಶಾರ್ಕಿನ ಎಣ್ಣೆಯ ಕಾರ್ಖಾನೆಯನ್ನು ನಡೆಸಿದರು. ತಿರುವಾಂಕೂರು ಸಂಸ್ಥಾನದಲ್ಲಿಯೂ ಮುಂಬಯಿಯಲ್ಲಿಯೂ ಇಂಥ ಉದ್ಯಮಗಳು ಎದ್ದುವು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸಿಗೆ ಸೇರಿದ್ದಿತು. ಆಸ್ಪತ್ರೆಗಳಲ್ಲಿ ದುರ್ಬಲರಾದ ಮಕ್ಕಳಿಗೂ ಗರ್ಭಿಣಿಯರಿಗೂ ಈ ಎಣ್ಣೆಯಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ೧೯೪೭ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ಶಾಸ್ತ್ರಜ್ಞರು ಎ ವಿಟಮಿನ್ನನ್ನು ಕೃತಕವಾಗಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದರು. ಅದು ಅಗ್ಗವಾಗಿ ದೊರೆಯತೊಡಗಿದ ಮೇಲೆ ಯಕೃತ್ತಿನ ಬೆಲೆ ಇಳಿಯಿತು, ಶಾರ್ಕುಗಳಿಗೆ ಸ್ವಲ್ಪ ಬಿಡುವು ಸಿಕ್ಕಿತು. ಅವುಗಳನ್ನು ಆಗ ಉಳಿಸಿದುದು ರಾಜಶಾಸನವಾಗಲಿ ದಯೆಯಾಗಲಿ ಆಗಿರಲಿಲ್ಲ, ಪ್ರಯೋಗಶಾಲೆಯ ಒಂದು ಸೀಸೆ. ಔಷಧಕ್ಕೆ ಬದಲಿ ದೊರೆಯಬಹುದು. ಮರ್ಯಾದೆಗೆ ಬದಲಿ ದೊರೆಯುವುದು ಅಷ್ಟು ಸುಲಭವಲ್ಲ. ಆದುದರಿಂದ ರೆಕ್ಕೆಯ ವ್ಯಾಪಾರವು ಮುಂದುವರಿಯಿತು.

ಸ್ವಾತಂತ್ರ್ಯಾನಂತರ ನಮ್ಮ ಮೀನುಗಾರಿಕೆಯ ರೂಪವೇ ಬದಲಾಯಿತು. ೧೯೫೦ರ ದಶಕದಿಂದ ಯಂತ್ರದ ದೋಣಿಗಳು, ನೈಲಾನ್ ಬಲೆಗಳು, ಮಂಜುಗಡ್ಡೆಯ ಕಾರ್ಖಾನೆಗಳು ಬಂದುವು. ಸಮುದ್ರದ ತಳವನ್ನೇ ಗುಡಿಸುವ ಟ್ರಾಲ್ ಬಲೆಗಳು ಸೀಗಡಿಗಾಗಿ ಹೋಗಿ, ಸೀಗಡಿಯೊಂದಿಗೆ ಶಾರ್ಕಿನ ಮರಿಗಳನ್ನೂ ತೊರಕೆಗಳನ್ನೂ ಬಾಚಿಕೊಂಡು ಬಂದುವು. ಕರ್ನಾಟಕದ ಕರಾವಳಿಯಲ್ಲಿ ೧೯೭೦ರ ದಶಕದಲ್ಲಿ ಪರ್ಸೀನ್ ಬಲೆಗಳು ಬಂದು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿಯ ಕಾಲವು ಹಿಂದೆ ಸರಿಯಿತು. ಇತ್ತ ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಮತ್ತು ಅದರ ಸುತ್ತಣ ಹಳ್ಳಿಗಳ ಬೆಸ್ತರು ಸಾವಿರಾರು ಗಾಳಗಳ ಉದ್ದ ಹಗ್ಗಗಳನ್ನು ಹಿಡಿದು, ವಾರಗಟ್ಟಲೆ ನಡುಗಡಲಿನಲ್ಲಿದ್ದು ಶಾರ್ಕು ಹಿಡಿಯುವುದರಲ್ಲಿ ದೇಶದಲ್ಲೆಲ್ಲ ಪ್ರಸಿದ್ಧರಾದರು. ಅವರ ಸರಕು ಹೆಚ್ಚಾಗಿ ಕೊಚ್ಚಿಯ ರೇವಿಗೆ ಬರುತ್ತಿದ್ದಿತು. ೨೦೧೭ರ ಕೊನೆಯಲ್ಲಿ ಎದ್ದ ಓಖಿ ಚಂಡಮಾರುತದಲ್ಲಿ ಈ ಹಳ್ಳಿಗಳು ಎಷ್ಟೋ ಮಂದಿಯನ್ನು ಕಳೆದುಕೊಂಡುವೆಂಬುದನ್ನು ನೆನೆದರೆ ಅವರ ಅನ್ನವು ಎಂಥ ಅನ್ನವೆಂಬುದು ತಿಳಿಯುತ್ತದೆ.

೧೯೮೦ರ ದಶಕದಿಂದ ಚೀನಾ ದೇಶದಲ್ಲಿ ಸಂಪತ್ತು ಹೆಚ್ಚಿತು. ಹಿಂದೆ ಶ್ರೀಮಂತರ ಪಂಕ್ತಿಯಲ್ಲಿ ಮಾತ್ರವಿದ್ದ ಸಾರನ್ನು ಈಗ ಮಧ್ಯಮ ವರ್ಗದವರೂ ಮಗಳ ಮದುವೆಯಲ್ಲಿ ಬಡಿಸುವಂತಾಯಿತು. ರೆಕ್ಕೆಯ ಬೆಲೆಯು ಮಾಂಸದ ಬೆಲೆಯನ್ನು ಹತ್ತಾರು ಪಟ್ಟು ಮೀರಿತು. ೨೦೦೬ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಹಾಂಗ್‌ಕಾಂಗಿನ ಹರಾಜುಗಳ ಲೆಕ್ಕವನ್ನು ಆಧರಿಸಿ, ವರ್ಷವೊಂದಕ್ಕೆ ಎರಡೂವರೆ ಕೋಟಿಗೂ ಮೇಲ್ಪಟ್ಟು ಏಳು ಕೋಟಿಯವರೆಗಿನ ಶಾರ್ಕುಗಳ ರೆಕ್ಕೆಗಳು ಪೇಟೆಗೆ ಬರುತ್ತಿದ್ದುವೆಂದು ಅಂದಾಜು ಮಾಡಿತು. ೨೦೨೧ರಲ್ಲಿ ಹೊರಬಂದ ಇನ್ನೊಂದು ಸಂಶೋಧನೆಯಂತೆ, ತೆರೆದ ಮಹಾಸಾಗರಗಳಲ್ಲಿ ವಾಸಿಸುವ ಶಾರ್ಕು ಮತ್ತು ತೊರಕೆಗಳ ಸಂಖ್ಯೆಯು ೧೯೭೦ರಿಂದೀಚೆಗೆ ನೂರಕ್ಕೆ ೭೧ರಷ್ಟು ಇಳಿದಿದೆ. ಕರಾಚಿಯ ಹದಿಮೂರು ದೋಣಿಗಳ ಕಾಲದಲ್ಲಿ ಯಾರೂ ಊಹಿಸಲಾರದಿದ್ದ ಅಂಕಿಗಳಿವು. ಈ ಇಳಿತಕ್ಕೆ ರೆಕ್ಕೆಯೊಂದೇ ಕಾರಣವಲ್ಲ. ಬೇರೆ ಮೀನಿಗೆಂದು ಹಾಕಿದ ಬಲೆಗಳೂ ಮಾಂಸದ ಮಾರಾಟವೂ ಸೇರಿ ಆದ ಹಾನಿಯಿದು.

ಇನ್ನು ಸಂರಕ್ಷಣೆಯ ಕಥೆಗೆ ಬರೋಣ. ಅದು ನಮ್ಮ ದೇಶದಲ್ಲಿ ಆರಂಭವಾದುದು ಗುಜರಾತಿನ ಸೌರಾಷ್ಟ್ರ ತೀರದಲ್ಲಿ. ಬ್ಯೂಯಿಸ್ಟನು ಮೋರ್ ಎಂದು ಬರೆದ ಆ ಮಹಾಕಾಯ ಮೀನಿನ ಬೇಟೆಯು ಅಲ್ಲಿ ಹಿಂದೆ ದೋಣಿಯ ಎಣ್ಣೆಗಾಗಿ ಅಲ್ಪಸ್ವಲ್ಪ ನಡೆಯುತ್ತಿದ್ದಿತು. ೧೯೯೦ರ ದಶಕದಲ್ಲಿ ಅದರ ಬಿಳಿಯ ಮಾಂಸಕ್ಕೆ ತೈವಾನಿನಲ್ಲಿ ಬೇಡಿಕೆ ಬಂದು, ವೇರಾವಲದ ಸುತ್ತಮುತ್ತ ತಿಮಿಂಗಿಲ ಶಾರ್ಕುಗಳನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲತೊಡಗಿದರು. ಮೈಕ್ ಪಾಂಡೆಯವರು ಈ ಬೇಟೆಯನ್ನು ಚಲನಚಿತ್ರವಾಗಿ ತೆಗೆದು ಲೋಕಕ್ಕೆ ತೋರಿಸಿದರು. ೨೦೦೦ದಲ್ಲಿ ಆ ಚಿತ್ರಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ೨೦೦೧ರ ಮೇ ತಿಂಗಳಿನಲ್ಲಿ ಭಾರತ ಸರ್ಕಾರವು ತಿಮಿಂಗಿಲ ಶಾರ್ಕನ್ನು ೧೯೭೨ರ ವನ್ಯಜೀವಿ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿತು. ಹುಲಿಗೂ ಆನೆಗೂ ಇರುವ ರಕ್ಷಣೆಯನ್ನು ಒಂದು ಮೀನು ಪಡೆದುದು ಇದೇ ಮೊದಲು.

ಅಲ್ಲಿಗೆ ನಿಲ್ಲದೆ, ಅದೇ ವರ್ಷದ ಜುಲೈ ತಿಂಗಳಿನಲ್ಲಿ ಸರ್ಕಾರವು ಶಾರ್ಕು, ತೊರಕೆ ಮುಂತಾದ ಮೃದ್ವಸ್ಥಿ ಮೀನುಗಳ ಕುಲವನ್ನೆಲ್ಲ ಒಂದೇ ಏಟಿಗೆ ಆ ಅನುಸೂಚಿಗೆ ಸೇರಿಸಿಬಿಟ್ಟಿತು. ಇದರ ಅರ್ಥವೇನೆಂದರೆ ದಡದ ಸಂತೆಯಲ್ಲಿ ಒಂದು ಬುಟ್ಟಿ ತೊರಕೆಯನ್ನು ಮಾರುವ ಹೆಂಗಸೂ ಹುಲಿಯನ್ನು ಕೊಂದವನಂತೆ ಅಪರಾಧಿಯಾದಳು. ಟ್ರಾಲ್ ಬಲೆಗೆ ತಾನಾಗಿ ಬಿದ್ದು ಸತ್ತ ಮೀನನ್ನು ಏನು ಮಾಡಬೇಕೆಂಬುದಕ್ಕೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ. ಬೆಸ್ತರು ಪ್ರತಿಭಟಿಸಿದರು. ಡಿಸೆಂಬರ್ ತಿಂಗಳಿನಲ್ಲಿ ಸರ್ಕಾರವು ಆಜ್ಞೆಯನ್ನು ತಿದ್ದಿ, ರಕ್ಷಣೆಯನ್ನು ಹತ್ತು ಜಾತಿಗಳಿಗೆ ಮಿತಗೊಳಿಸಿತು. ಅವುಗಳಲ್ಲಿ ಶಾರ್ಕುಗಳು ನಾಲ್ಕೇ. ಉಳಿದವು ಗರಗಸ ಮೀನು, ತೊರಕೆ ಮುಂತಾದುವು. ಆ ನಾಲ್ಕರಲ್ಲಿ ಪುದುಚೇರಿಯ ಹೆಸರನ್ನು ಹೊತ್ತ ಒಂದು ಶಾರ್ಕು ಅಷ್ಟರಲ್ಲಾಗಲೇ ಅತಿ ವಿರಳವಾಗಿ, ಶಾಸ್ತ್ರಜ್ಞರ ಕಣ್ಣಿಗೆ ಬೀಳುವುದೇ ದುರ್ಲಭವಾಗಿದ್ದಿತು. ಐದು ತಿಂಗಳಿನಲ್ಲಿ ಎಲ್ಲವನ್ನೂ ಕೊಟ್ಟು ಬಹುಪಾಲನ್ನು ಹಿಂತೆಗೆದುಕೊಂಡ ಈ ಪ್ರಸಂಗವು, ದಡದವರನ್ನು ಕೇಳದೆ ಮಾಡಿದ ಕಾಯಿದೆಯ ಬಲವೆಷ್ಟೆಂಬುದನ್ನು ಚೆನ್ನಾಗಿ ತೋರಿಸುತ್ತದೆ.

ಮುಂದೆ ೨೦೧೩ರಲ್ಲಿ, ರೆಕ್ಕೆಯು ದೇಹಕ್ಕೆ ಅಂಟಿಕೊಂಡಿರುವಂತೆಯೇ ಶಾರ್ಕನ್ನು ದಡಕ್ಕೆ ತರಬೇಕೆಂಬ ನಿಯಮವಾಯಿತು. ನಮ್ಮವರು ಹೇಗೂ ಇಡೀ ಮೀನನ್ನೇ ತರುತ್ತಿದ್ದುದರಿಂದ ಇದರಿಂದ ಹಿಡಿತದಲ್ಲಿ ದೊಡ್ಡ ಬದಲಾವಣೆಯಾಗಲಿಲ್ಲ. ೨೦೧೫ರ ಫೆಬ್ರವರಿಯಲ್ಲಿ ಎಲ್ಲ ಜಾತಿಯ ಶಾರ್ಕುಗಳ ರೆಕ್ಕೆಯ ರಫ್ತನ್ನೇ ನಿಷೇಧಿಸಲಾಯಿತು. ಶತಮಾನಗಳ ವ್ಯಾಪಾರವು ಕಾಗದದ ಮೇಲೆ ಅಂದಿಗೆ ಮುಗಿಯಿತು. ಕಾಗದದ ಹೊರಗೆ ಮುಗಿಯಲಿಲ್ಲ. ೨೦೧೮ರ ಸೆಪ್ಟೆಂಬರ್ ತಿಂಗಳಿನಲ್ಲಿ ಕಂದಾಯ ಗುಪ್ತಚರ ಇಲಾಖೆಯವರು ಮುಂಬಯಿಯಲ್ಲಿಯೂ ವೇರಾವಲದಲ್ಲಿಯೂ ಸುಮಾರು ೮,೦೦೦ ಕಿಲೋಗ್ರಾಂ ರೆಕ್ಕೆಯನ್ನು ವಶಪಡಿಸಿಕೊಂಡರು. ಬ್ಯೂಯಿಸ್ಟನ ವರದಿಯಲ್ಲಿ ಕಾಣುವ ಮುಂಬಯಿಯೇ ನೂರ ಅರುವತ್ತೆಂಟು ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಂಡುದು ಗಮನಾರ್ಹವಾಗಿದೆ. ವ್ಯಾಪಾರದ ಹಳೆಯ ದಾರಿಗಳು ನದಿಯ ಹಳೆಯ ಪಾತ್ರದಂತೆ. ನೀರು ಬಂದಾಗ ಅಲ್ಲಿಯೇ ಹರಿಯುತ್ತದೆ. ಇಷ್ಟಲ್ಲದೆ ನಿಷೇಧದಿಂದ ರೆಕ್ಕೆಯ ಆದಾಯವು ಬೆಸ್ತನಿಗೆ ತಪ್ಪಿತೇ ಹೊರತು ಶಾರ್ಕು ಬಲೆಗೆ ಬೀಳುವುದು ತಪ್ಪಲಿಲ್ಲ. ಮಾಂಸಕ್ಕೆ ದೇಶದೊಳಗೆ ಗಿರಾಕಿಗಳು ಇದ್ದೇ ಇದ್ದರು. ೨೦೨೨ರ ತಿದ್ದುಪಡಿಯಿಂದ ಇನ್ನಷ್ಟು ಜಾತಿಗಳು ಕಾಯಿದೆಯ ಆಶ್ರಯಕ್ಕೆ ಬಂದಿವೆ. ಒಂದನ್ನೊಂದು ಹೋಲುವ ಹತ್ತಾರು ಜಾತಿಗಳಲ್ಲಿ ಯಾವುದು ರಕ್ಷಿತ, ಯಾವುದು ಅಲ್ಲ ಎಂಬುದನ್ನು ನಸುಕಿನ ಕತ್ತಲಲ್ಲಿ ಬಲೆ ಬಿಡಿಸುವವನು ಗುರುತಿಸಬೇಕಾಗಿದೆ.

ಇದಕ್ಕೆ ಪ್ರತಿಯಾಗಿ ವೇರಾವಲದ ಕಡೆ ನಡೆದ ಇನ್ನೊಂದು ಕಾರ್ಯವನ್ನು ನೋಡೋಣ. ತಿಮಿಂಗಿಲ ಶಾರ್ಕಿಗೆ ಕಾಯಿದೆಯ ರಕ್ಷಣೆ ದೊರೆತಿದ್ದರೂ ಅಲ್ಲಿಯ ಎಷ್ಟೋ ಜನರಿಗೆ ಅದು ತಿಳಿದಿರಲಿಲ್ಲ. ೨೦೦೪ರಲ್ಲಿ ಗುಜರಾತಿನ ಅರಣ್ಯ ಇಲಾಖೆಯವರೂ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆಯವರೂ, ಟಾಟಾ ಕೆಮಿಕಲ್ಸ್ ಕಂಪೆನಿಯವರೂ ಕೂಡಿ ಒಂದು ಪ್ರಚಾರವನ್ನು ಕೈಗೊಂಡರು. ರಾಮಕಥಾ ಪ್ರವಚನಕ್ಕೆ ಹೆಸರಾದ ಮೊರಾರಿ ಬಾಪು ಅವರು ಅದಕ್ಕೆ ದನಿಗೂಡಿಸಿದರು. ಅವರು ಜನರಿಗೆ ಹೇಳಿದುದಿಷ್ಟು: ಈ ಮೀನು ವರ್ಷವರ್ಷವೂ ನಿಮ್ಮ ತೀರಕ್ಕೆ ಬರುವುದು, ಹೆರಿಗೆಗೆಂದು ತವರಿಗೆ ಬರುವ ಮಗಳಂತೆ, ಮನೆಗೆ ಬಂದ ಮಗಳನ್ನು ಯಾರಾದರೂ ಕೊಲ್ಲುವರೇ? ಪ್ರಾಣಿಗೆ ವ್ಹಾಲಿ, ಎಂದರೆ ಮುದ್ದಿನವಳು, ಎಂಬ ಹೆಸರಾಯಿತು. ಇದು ಜೀವಶಾಸ್ತ್ರದ ಪ್ರಮಾಣವಲ್ಲವೆಂಬುದು ನಿಜ. ಆದರ ಬದಲು ಅದು ಕೇಳುವವರ ಮನೆಯ ಭಾಷೆಯಾಗಿದ್ದಿತು.

ಮಾತು ಮಾತ್ರವೇ ಆಗಿದ್ದರೆ ಅದು ಬಹುದಿನ ನಿಲ್ಲುತ್ತಿರಲಿಲ್ಲ. ಬಲೆಗೆ ಸಿಕ್ಕಿಕೊಂಡ ಈ ದೊಡ್ಡ ಮೀನನ್ನು ಬಿಡಬೇಕಾದರೆ ಬಲೆಯನ್ನು ಕತ್ತರಿಸಬೇಕು. ಬಲೆಯೆಂದರೆ ಬೆಸ್ತನ ಬಂಡವಾಳ. ಆದುದರಿಂದ ಕತ್ತರಿಸಿದ ಬಲೆಗೆ ಸರ್ಕಾರವು ಪರಿಹಾರ ಕೊಡುವ ಏರ್ಪಾಡಾಯಿತು. ಮೊದಲು ಅಧಿಕಾರಿಗಳು ಬಂದು ನೋಡುವವರೆಗೆ ಕಾಯಬೇಕಾಗುತ್ತಿದ್ದಿತು, ಅಷ್ಟರಲ್ಲಿ ಮೀನಿಗೆ ಅಪಾಯ. ಆಮೇಲೆ ಬೆಸ್ತರ ಕೈಗೇ ಕ್ಯಾಮೆರಾಗಳನ್ನು ಕೊಟ್ಟು, ಅವರು ತೆಗೆದ ಚಿತ್ರವನ್ನೇ ಸಾಕ್ಷ್ಯವಾಗಿ ಒಪ್ಪಿಕೊಂಡರು. ಎಂದರೆ ಬೆಸ್ತನ ಮಾತನ್ನು ನಂಬಿದರು. ಅಂದಿನಿಂದ ಇಂದಿನವರೆಗೆ ನೂರಾರು ತಿಮಿಂಗಿಲ ಶಾರ್ಕುಗಳು ಆ ತೀರದಲ್ಲಿ ಬಲೆಯಿಂದ ಬಿಡುಗಡೆಯನ್ನು ಪಡೆದು ಕಡಲಿಗೆ ಹಿಂತಿರುಗಿವೆ. ಈಟಿಯನ್ನು ಹಿಡಿದಿದ್ದ ಕೈಗಳೇ ಚೂರಿಯನ್ನು ಹಿಡಿದು ತಮ್ಮ ಬಲೆಯನ್ನು ಕತ್ತರಿಸಿಕೊಂಡುವು.

ಬೇಡಿಕೆಯ ಕಡೆಯಲ್ಲಿಯೂ ಬದಲಾವಣೆ ಕಾಣದೆ ಇಲ್ಲ. ಚೀನಾ ದೇಶದ ಪ್ರಸಿದ್ಧ ಚೆಂಡಾಟಗಾರನಾದ ಯಾವೊ ಮಿಂಗ್ ೨೦೦೬ರಲ್ಲಿ ತಾನು ಈ ಸಾರನ್ನು ಬಿಟ್ಟಿರುವುದಾಗಿ ಸಾರಿ, ಜನರಿಗೂ ಬಿಡುವಂತೆ ಹೇಳಿದನು. ೨೦೧೩ರಲ್ಲಿ ಹಾಂಗ್‌ಕಾಂಗ್ ಸರ್ಕಾರವೂ ಚೀನಾ ಸರ್ಕಾರವೂ ಅಧಿಕೃತ ಔತಣಗಳಿಂದ ಶಾರ್ಕಿನ ರೆಕ್ಕೆಯನ್ನು ತೆಗೆದುಹಾಕಿದುವು. ಯಾವ ಮರ್ಯಾದೆಯು ಅರಮನೆಯಿಂದ ಮನೆಗಳಿಗೆ ಇಳಿದು ಬಂದಿದ್ದಿತೋ ಅದನ್ನು ಅರಮನೆಯೇ ಕೈಬಿಟ್ಟಂತಾಯಿತು. ವನ್ಯಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ೨೦೦೨ರಲ್ಲಿ ತಿಮಿಂಗಿಲ ಶಾರ್ಕಿಗೆ ಸ್ಥಾನ ದೊರೆಯಿತು. ಆ ಸೂಚನೆಯನ್ನು ಮುಂದಿಟ್ಟ ದೇಶಗಳಲ್ಲಿ ನಮ್ಮದೂ ಒಂದು. ೨೦೧೩ರಲ್ಲಿ ಸುತ್ತಿಗೆತಲೆಯ ಶಾರ್ಕುಗಳೂ, ೨೦೨೨ರಲ್ಲಿ ಪನಾಮಾದಲ್ಲಿ ಕೂಡಿದ ಸಭೆಯಲ್ಲಿ ರೆಕ್ಕೆಯ ಪೇಟೆಗೆ ಮುಖ್ಯವಾದ ಒಂದು ದೊಡ್ಡ ಕುಟುಂಬವೆಲ್ಲವೂ ಅದರ ಕಟ್ಟಿಗೆ ಒಳಪಟ್ಟುವು.

ಈ ಚರಿತ್ರೆಯಿಂದ ನಾವು ತಿಳಿಯತಕ್ಕದ್ದೇನು? ೧೮೫೦ರಲ್ಲಿ ಲಾಭವು ದಡದಿಂದ ದೂರಕ್ಕೆ ಹೋಯಿತು. ೨೦೦೧ರಲ್ಲಿ ದಂಡನೆಯು ದೂರದಿಂದ ದಡಕ್ಕೆ ಬಂದಿತು. ಎರಡು ಸಲವೂ ಬೆಸ್ತನನ್ನು ಯಾರೂ ಕೇಳಲಿಲ್ಲ. ವ್ಹಾಲಿಯ ವಿಷಯದಲ್ಲಿ ಅವನನ್ನು ಕೇಳಿದರು, ಅವನ ನಷ್ಟವನ್ನು ಹಂಚಿಕೊಂಡರು, ಅವನ ಸಾಕ್ಷ್ಯವನ್ನು ನಂಬಿದರು, ಕೆಲಸವು ನಡೆಯಿತು. ಆದರೆ ತಿಮಿಂಗಿಲ ಶಾರ್ಕು ಕಣ್ಣಿಗೆ ಕಾಣುವ ಭವ್ಯ ಪ್ರಾಣಿ. ಅದಕ್ಕೆ ಮಗಳ ಪದವಿಯನ್ನು ಕೊಡುವುದು ಸುಲಭ. ಮಂಗಳೂರು, ಮಲ್ಪೆ, ಕೊಚ್ಚಿಯ ರೇವುಗಳಲ್ಲಿ ಬುಟ್ಟಿಯ ತಳದಲ್ಲಿ ಬಂದು ಬೀಳುವ ಮೊಳದುದ್ದದ ತಾಟೆಯ ಮರಿಗೆ ಯಾರು ಹೆಸರಿಡುವರು? ನಿಜವಾದ ಪರೀಕ್ಷೆಯು ಅಲ್ಲಿದೆ. ಮರಿಗಳು ಬೆಳೆಯುವ ತಾಣಗಳನ್ನು ಗುರುತಿಸಿ ಅಲ್ಲಿ ಬಲೆಯನ್ನು ತಡೆಯುವುದು, ಜೀವಂತವಾಗಿ ಸಿಕ್ಕಿದ ಮರಿಯನ್ನು ಹಿಂದಕ್ಕೆ ಬಿಡುವುದು, ಅದರಿಂದಾಗುವ ನಷ್ಟದಲ್ಲಿ ಸಮಾಜವು ಪಾಲುಗೊಳ್ಳುವುದು ಇವು ಆಗಬೇಕಾದ ಕೆಲಸಗಳು. ಕರ್ನಾಟಕದಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯದಿರುವ ನಿಯಮವನ್ನು ನಮ್ಮ ಬೆಸ್ತರು ಕಷ್ಟವಾದರೂ ಪಾಲಿಸಿಕೊಂಡು ಬರುತ್ತಿದ್ದಾರೆ. ಕಡಲಿಗೆ ಬಿಡುವು ಬೇಕೆಂಬುದನ್ನು ಅವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಪಟ್ಟಣವಾಸಿಗಳಾದ ನಮಗೂ ಇದರಲ್ಲಿ ಭಾಗವುಂಟು. ನಾವು ರೆಕ್ಕೆಯ ಸಾರನ್ನು ತಿನ್ನುವವರಲ್ಲ. ಆದರೆ ದೂರದಲ್ಲಿ ಕುಳಿತು ಬೆಲೆ ಕಟ್ಟುವವರ ಸಾಲಿನಲ್ಲಿ ನಾವೂ ಇದ್ದೇವೆ. ನಮ್ಮ ಸೀಗಡಿಯ ತಟ್ಟೆಗಾಗಿ ಹೋದ ಬಲೆಯೇ ಶಾರ್ಕಿನ ಮರಿಯನ್ನು ತಂದಿತೆಂಬುದನ್ನು ಮೇಲೆ ಹೇಳಿದ್ದೇವೆ. ಕರಾಚಿಯಲ್ಲಿ ಒಂದು ಶಾರ್ಕಿನ ರೆಕ್ಕೆಗಳಿಗೆ ಸಿಕ್ಕುತ್ತಿದ್ದ ಆರೇಳು ಆಣೆಯಲ್ಲಿ, ಆ ಮೀನು ಬೆಳೆಯಲು ತೆಗೆದುಕೊಂಡ ಹತ್ತು ಹದಿನೈದು ವರ್ಷಗಳ ಬೆಲೆ ಸೇರಿರಲಿಲ್ಲ. ಇಂದಿನ ಸಂತೆಯ ಬೆಲೆಯಲ್ಲಿಯೂ ಸೇರಿಲ್ಲ. ಅದನ್ನು ಯಾರು ತೆರಬೇಕು, ಹೇಗೆ ತೆರಬೇಕು ಎಂಬುದನ್ನು ದಡದವರೊಡನೆ ಕುಳಿತು ನಿಶ್ಚಯಿಸುವ ಕಾಲವು ಬಂದಿದೆಯೆಂದು ಶ್ರೋತೃಗಳಲ್ಲಿ ಅರಿಕೆಮಾಡಿ ಈ ಭಾಷಣವನ್ನು ಮುಗಿಸುತ್ತೇವೆ.